ದೋಣಿಯ ಬ್ಯಾಟರಿಗೆ ಹಾಕಿದ ಸಣ್ಣ ಕೇಬಲ್

ಕಳೆ ಕೀಳುವ ಕೂಲಿಕಾರನೊಬ್ಬನ ಸಾವಿಗೆ ಕೆರೆಯ ನಿರ್ವಹಣೆ ಹೊತ್ತ ಅಧಿಕಾರಿಗಳೇ ಹೊಣೆ. ದೋಣಿಗೆ ಆ ಕೇಬಲ್ ಸಾಲದೆಂದು ಬರವಣಿಗೆಯಲ್ಲಿ ತಿಳಿಸಿದ ಮೇಲೂ ಅದನ್ನೇ ಹಾಕಿಸಿದವರು ಅವರು. ನೋಟಿಸು ಬಂದಿರುವುದು ಮಾತ್ರ ನನ್ನ ಅಪ್ಪನಿಗೆ: ನಿಮ್ಮ ಕಳಪೆ ಕೆಲಸದಿಂದ ಎಂಜಿನ್ ಚಾಲೂ ಆಗಲಿಲ್ಲ.

ಚಂದ್ರಾ ಲೇಔಟಿನಲ್ಲಿ ನಮ್ಮ ಮನೆಯ ಕೆಳಗೇ ಅಪ್ಪನ ಅಂಗಡಿ. ಕಾರು, ಲಾರಿಗಳ ವೈರಿಂಗ್ ಅವರ ಕಸುಬು. ಕೆಂಗೇರಿ ಕಡೆಯ ಕೆರೆಯೊಂದರಲ್ಲಿ ಕಿತ್ತ ಕಳೆ ಸಾಗಿಸಲೆಂದೂ, ಯಾರಾದರೂ ನೀರಿಗೆ ಬಿದ್ದರೆ ಎತ್ತಲೆಂದೂ ಒಂದು ಮೋಟಾರು ದೋಣಿಯಿತ್ತು. ಕಳೆ ತುಂಬಲು ಜಾಗ ಬೇಕೆಂದು, ಹಿಂಬದಿಯ ಎಂಜಿನ್ ಪಕ್ಕದಲ್ಲಿದ್ದ ಬ್ಯಾಟರಿಯನ್ನು ದೋಣಿಯ ಮೂತಿಗೆ ಸರಿಸಿದ್ದರು. ಅಷ್ಟುದ್ದಕ್ಕೆ ಹೊಸ ಕೇಬಲ್ ಆರಿಸಿ ಹಾಕಿಕೊಡಿ ಎಂದು ಹೋದ ಮಳೆಗಾಲಕ್ಕೆ ಮುಂಚೆ ಅಪ್ಪನನ್ನು ಕರೆದರು. ನಾನೂ ಜೊತೆಗೆ ಹೋದೆ.

ಅಪ್ಪ ಅಳತೆ ತೆಗೆದು, ಕಾರಿಗೆ ಬರೆದುಕೊಡುವಂತೆಯೇ ಕೇಬಲ್ಲಿನ ಸೈಜಿನ ಚೀಟಿ ಬರೆದುಕೊಟ್ಟರು. ತಪ್ಪಾದದ್ದು ಅಲ್ಲಿ, ಅದನ್ನು ನಾನು ಮುಚ್ಚಿಡುವುದಿಲ್ಲ. ಕಾರಿನಲ್ಲಿ ಬ್ಯಾಟರಿಯಿಂದ ಹೊರಟ ಕರೆಂಟು ವಾಪಸಾಗುವುದು ಕಾರಿನ ಕಬ್ಬಿಣದ ಮೈಯ ಮೂಲಕ. ಉದ್ದನೆಯ ಕೇಬಲ್ ಒಂದೇ ಸಾಕು. ಚೀಟಿಯಂತೆ ಕಚೇರಿಯವರು ತರಿಸಿದ ಕೇಬಲ್ ವಾರದ ನಂತರ ಬಂತು. ಅಪ್ಪ ಪಾಸಿಟಿವ್ ಎಳೆದು ಮುಗಿಸಿ, ನೆಗೆಟಿವ್‌ಗೆಂದು ತಂದಿದ್ದ ಗೇಣುದ್ದದ ತುಂಡು ಹಿಡಿದು ತಡಕಾಡುತ್ತಿದ್ದರು. ದೋಣಿ ನಡೆಸುವವನು ಬೀಡಿ ಹಚ್ಚುತ್ತಾ ಕೇಳಿದ:

"ಅಣ್ಣ, ಅದನ್ನ ಎಲ್ಲಿಗ್ ಕಟ್ತೀರ? ಕೆರೆಗಾ?"

ಅಪ್ಪ ನಕ್ಕರು. ಆಮೇಲೆ ದೋಣಿಯ ಮೈ ತಟ್ಟಿ ನೋಡಿದರು. "ಥೂ, ಫೈಬರ್ ಕಣೋ ಇದು. ಇದಕ್ಕೆ ಬಾಡಿನೇ ಇಲ್ಲ."

ಫೈಬರಿನಲ್ಲಿ ಕರೆಂಟು ಹರಿಯುವುದಿಲ್ಲ; ಹೋಗುವುದಕ್ಕೊಂದು, ಬರುವುದಕ್ಕೊಂದು ಕೇಬಲ್ ಬೇಕು, ದಾರಿ ಎರಡರಷ್ಟು. ಅಷ್ಟು ದೂರ ಸಣ್ಣ ತಾಮ್ರದಲ್ಲಿ ಹರಿದರೆ ಎಂಜಿನ್ ತಿರುಗಿಸುವ ಶಕ್ತಿ ಉಳಿಯುವುದಿಲ್ಲ. ಹಗ್ಗ ಎಳೆದು ಚಾಲೂ ಮಾಡುವ ಎಂಜಿನ್ನೂ ಅದಲ್ಲ. ಅಂದೇ ಅಪ್ಪ ಹೇಳಿದರು, ನಾನು ಬರೆದೆ: ಅಳತೆ ನನ್ನ ತಪ್ಪು; ಇದರ ಎರಡರಷ್ಟು ದಪ್ಪದ, ನೀರಿಗೆ ಕಿಲುಬು ಹಿಡಿಯದಂತೆ ತವರ ಲೇಪಿಸಿದ ತಾಮ್ರದ ಕೇಬಲ್ ತರಿಸಿ; ಇಲ್ಲವೇ ಬ್ಯಾಟರಿಯನ್ನು ಎಂಜಿನ್ ಪಕ್ಕಕ್ಕೆ ಮರಳಿಸಿ. ಕೆರೆಯ ಉಸ್ತುವಾರಿ ಅಧಿಕಾರಿ ಆ ಪತ್ರವನ್ನು ನಮ್ಮೆದುರೇ ಓದಿದರು.

"ಸೈಜು ನೀವೇ ಅಲ್ವೇನ್ರೀ ಬರ್ಕೊಟ್ಟಿದ್ದು? ಫೈಲ್ ಮೇಲಕ್ಕೆ ಹೋಗಾಯ್ತು."

"ತಪ್ಪಾಯ್ತು ಸಾರ್. ಆದ್ರೆ ಬ್ಯಾಟರಿ ಸ್ವಲ್ಪ ಡೌನ್ ಆದ್ರೂ ಇದು ಎಳಿಯಲ್ಲ."

"ಇದೇನ್ ಹಡಗೇನ್ರೀ? ಅದೇ ಸೈಜಲ್ಲಿ ಇನ್ನೊಂದ್ ಪೀಸ್ ತರಿಸ್ತೀನಿ, ಹಾಕಿ. ಏನಾದ್ರೂ ಆದ್ರೆ ಆಮೇಲ್ ನೋಡೋಣ."

ಪತ್ರದ ಪ್ರತಿಗೆ ಗುಮಾಸ್ತರು ಸ್ವೀಕೃತಿಯ ಮೊಹರು ಒತ್ತಿ ಕೊಟ್ಟರು. ಇನ್ನೊಂದು ತುಂಡು ಬಂದ ಮೇಲೆ ಅಪ್ಪ ಅದನ್ನೂ ಹಾಕಿದರು. ಬ್ಯಾಟರಿ ಪೂರ್ತಿ ಚಾರ್ಜಾಗಿತ್ತು, ಎಂಜಿನ್ ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. "ಸುಮ್ನೆ ಹೆದರಿಸ್ತೀರಪ್ಪ," ಎಂದರು ಅಧಿಕಾರಿ.

ಶ್ರಾವಣದ ಒಂದು ಬೆಳಿಗ್ಗೆ, ರಾಯಚೂರು ಕಡೆಯಿಂದ ಬಂದಿದ್ದ ಕೂಲಿಕಾರನೊಬ್ಬ ಕಳೆ ಕೀಳುತ್ತಿದ್ದ ತೆಪ್ಪದಿಂದ ನೀರಿಗೆ ಜಾರಿದ. ಕಾಲು ಕಳೆಯ ಬೇರಿನಲ್ಲಿ ಸಿಕ್ಕಿಕೊಂಡಿತು. ದೋಣಿಯವನು ಕೀ ತಿರುಗಿಸಿದ; ಬ್ಯಾಟರಿ ಸ್ವಲ್ಪ ಇಳಿದಿತ್ತು, ಎಂಜಿನ್ ಟಕ್ ಎಂದು ಸುಮ್ಮನಾಯಿತು. ಮತ್ತೆ ತಿರುಗಿಸಿದ. ಅವನೇ ಅಂಗಡಿಗೆ ಬಂದು, ಒಳಗೆ ಕೂರದೆ, ಬಾಗಿಲಲ್ಲೇ ನಿಂತು ಹೇಳಿದ: "ಕೈ ಕಾಣ್ತಿತ್ತು ಅಣ್ಣ. ಹುಟ್ಟು ಹಾಕೋಣ ಅಂದ್ರೆ ದೋಣೀಲಿ ಹುಟ್ಟೂ ಇಟ್ಟಿಲ್ಲ ನನ್ ಮಕ್ಳು."

ಅಪ್ಪ ಈಗ ಅಂಗಡಿ ತೆರೆಯುತ್ತಾರೆ, ಕೆಲಸ ಹಿಡಿಯುವುದಿಲ್ಲ. "ಹಾಕಲ್ಲ ಅಂತ ಎದ್ದು ಬರ್ಬೇಕಿತ್ತು," ಎನ್ನುತ್ತಾರೆ. ಬರಬೇಕಿತ್ತು. ಆ ಪಾಲು ಅವರದು, ಅದನ್ನು ಇಳಿಸಲು ನಾನು ಬರೆಯುತ್ತಿಲ್ಲ. ಆದರೆ ಅಂಥ ಪತ್ರವೇ ಕಡತದಲ್ಲಿಲ್ಲ ಎಂದು ಕಚೇರಿ ಹೇಳುವಾಗ, ಓದಿದವರ ಪಾಲನ್ನೂ ಅಪ್ಪನ ತಲೆಗೇ ಕಟ್ಟುವಾಗ, ನಾನು ಸುಮ್ಮನಿರಲಾರೆ.

ಆದ್ದರಿಂದ ಸಂಬಂಧಪಟ್ಟ ಮೇಲಧಿಕಾರಿಗಳಲ್ಲಿ ವಿನಂತಿಸುತ್ತೇನೆ. ಸಾಲದೆಂದು ತಿಳಿದೂ ಆ ಕೇಬಲ್ಲಿಗೆ ಒಪ್ಪಿಗೆ ಕೊಟ್ಟವರು ಯಾರು, ಮೊಹರು ಬಿದ್ದ ಪ್ರತಿ ನಮ್ಮಲ್ಲಿರುವ ಆ ಪತ್ರ ಕಡತದಿಂದ ಹೇಗೆ ಕಾಣೆಯಾಯಿತು ಎಂಬುದಕ್ಕೆ ಮೃತನ ಹೆಂಡತಿಗೂ ನಮಗೂ ಲಿಖಿತ ಉತ್ತರ ಕೊಡಬೇಕು. ಅಲ್ಲಿಯವರೆಗೆ ನೋಟಿಸನ್ನು ತಡೆಹಿಡಿಯಬೇಕು. ದೋಣಿ ಇಂದಿಗೂ ಅದೇ ಕೇಬಲ್ಲಿನಲ್ಲಿ ಕೆರೆಗಿಳಿಯುತ್ತಿದೆ. ನಾಳೆ ಕೂಲಿಕಾರರು ನೀರಿಗಿಳಿಯುವ ಮೊದಲು ಅದನ್ನು ಬದಲಿಸಿ, ಬಿಚ್ಚಿದ ಕೇಬಲನ್ನು ತನಿಖೆಗೆ ಒಪ್ಪಿಸಬೇಕಾಗಿ ಕೋರುತ್ತೇನೆ.