ಮಗಳ ಮೇಲೊಂದು ಕಣ್ಣು

ಯಾವ ಮನೆಯ ಸೊಸೆ ಬಸುರಿ ಎಂಬುದು ಅವಳ ಗಂಡನಿಗಿಂತ ಮೊದಲು ನನಗೆ ಗೊತ್ತಾಗುತ್ತಿತ್ತು. ಅರಕಲಗೂಡಿನ ಮಗ್ಗುಲ ನಮ್ಮೂರಿನಲ್ಲಿ ಇಪ್ಪತ್ತು ವರ್ಷ ಅಂಗನವಾಡಿ ನಡೆಸಿದವಳು ನಾನು. ನಲ್ಲಿಯ ಹತ್ತಿರ ಯಾರಾದರೂ ಬಾಯಿಗೆ ಸೆರಗು ಅಡ್ಡ ಹಿಡಿದರೆ ಸಾಕು, ನನ್ನ ಚೀಲದಿಂದ ಬಸುರಿಯರ ಪುಸ್ತಕ ಹೊರಗೆ ಬರುತ್ತಿತ್ತು. ಈ ಜಂಬವೇ ಆ ವರ್ಷ ನನ್ನ ತಲೆ ಕೆಡಿಸಿತು.

ಹೊಲದಲ್ಲಿ ಹೊಗೆಸೊಪ್ಪು ಕಟಾವಿಗೆ ಬಂದಿತ್ತು. ಸೊಪ್ಪು ಬೇಯಿಸುವ ಬ್ಯಾರನ್ನಿನ ಬೆಂಕಿ ಆರದಂತೆ ಕಾಯುತ್ತ ಯಜಮಾನರು ಊಟಕ್ಕೂ ಮನೆಗೆ ಬರುತ್ತಿರಲಿಲ್ಲ. ನನಗೋ ಮಕ್ಕಳ ತೂಕ, ಮೊಟ್ಟೆ, ಫೋನಿನಲ್ಲಿ ಫೋಟೊ ಕಳಿಸುವುದು, ಅದರ ಮೇಲೆ ಮನೆಮನೆ ಸರ್ವೆ. ಹಿಂದಿನ ತಿಂಗಳು ಸರ್ವೆಗೆ ಹೋದ ಮನೆಯ ಜಗಲಿಯಲ್ಲೇ ತಲೆ ಸುತ್ತಿ ಬಿದ್ದಿದ್ದೆ. ಬಿ.ಪಿ. ಮಾತ್ರೆ ಶುರುವಾಗಿತ್ತು. "ಈ ಸಲ ಸೊಪ್ಪಿನ್ ಕಡೆ ತಲೆನೇ ಆಕ್ಬ್ಯಾಡ, ಆಳು ಗೊತ್ಮಾಡಿವ್ನಿ" ಎಂದಿದ್ದರು ಯಜಮಾನರು. ನಂಬಿದೆ. ಗಂಡ ಹೆಂಡತಿ ವಾರಕ್ಕೆ ನಾಲ್ಕು ಮಾತಾಡಿದರೆ ಹೆಚ್ಚು. ಅದರಲ್ಲಿ ಮೂರು ಸೌದೆಯ ಬಗ್ಗೆ.

ಮಗಳು ಅರಕಲಗೂಡಿನಲ್ಲಿ ಡಿಗ್ರಿಯ ಕೊನೆಯ ವರ್ಷ ಓದುತ್ತಿದ್ದಳು. ಬೆಳಗ್ಗೆ ಆರಕ್ಕೆ ಕಂಪ್ಯೂಟರ್ ಕ್ಲಾಸೆಂದು ಹೋಗಿ, ಎಂಟೂವರೆಗೆ ಬಂದು, ತಿಂಡಿ ತಿಂದು ಮತ್ತೆ ಕಾಲೇಜಿಗೆ ಹೊರಡುತ್ತಿದ್ದಳು. ಒಂದು ದಿನ ಅವಳು ಹಿತ್ತಲಲ್ಲಿ ವಾಂತಿ ಮಾಡಿಕೊಳ್ಳುವುದು ಕೇಳಿಸಿತು. "ಏನಿಲ್ಲ ಕಣವ್ವ, ಪಿತ್ತ" ಎಂದಳು. ಮರುದಿನವೂ ಪಿತ್ತ. ಮೂರನೆಯ ದಿನ ಗೋಡೆ ಹಿಡಿದು ನಿಂತಿದ್ದಳು.

ಅಲ್ಲಿಂದ ನಾನು ಪತ್ತೇದಾರಳಾದೆ. ಕ್ಲಾಸಿನಿಂದ ಬಂದವಳು ಎರಡನೇ ಸಲ ಯಾಕೆ ಸ್ನಾನ ಮಾಡುತ್ತಾಳೆ? ಎಂದೂ ಬಟ್ಟೆ ಒಗೆಯದವಳು ತನ್ನ ಬಟ್ಟೆಯನ್ನು ನನ್ನ ಕಣ್ಣಿಗೆ ಬೀಳದ ಹಾಗೆ ಯಾಕೆ ಒಗೆಯುತ್ತಾಳೆ? ಅವಳು ಕೊನೆಯ ಸಲ ಮುಟ್ಟಾಗಿದ್ದು ಯಾವಾಗ ಎಂದು ಕ್ಯಾಲೆಂಡರಿನ ಮುಂದೆ ನಿಂತು ಯೋಚಿಸಿದೆ. ಊರಿನ ಹೆಂಗಸರದ್ದೆಲ್ಲ ಬಾಯಿಗೆ ಬಂತು, ಮಗಳದ್ದು ಮಾತ್ರ ನೆನಪಾಗಲಿಲ್ಲ. ಸಂತೆಯಲ್ಲಿ ಸಿಕ್ಕ ಕಂಪ್ಯೂಟರ್ ಮೇಷ್ಟ್ರು, "ನಿಮ್ಮುಡುಗಿ ಅದಿನೈದು ದಿನದಿಂದ ಬತ್ತಾನೇ ಇಲ್ವಲ್ಲಕ್ಕ" ಎಂದರು. 

ಅವಳು ಸ್ನಾನಕ್ಕೆ ಹೋದಾಗ ಫೋನು ನೋಡಿದೆ. ದಿನಾ ಬೆಳಗ್ಗೆ ಐದೂವರೆಗೆ ಒಂದೇ ನಂಬರಿನಿಂದ ಕರೆ. ಹೆಸರು 'ಅಪ್ಪ'. ಎಲಾ ಇವಳ, ಯಾವನೋ ಹುಡುಗನ ನಂಬರಿಗೆ ಅಪ್ಪ ಅಂತ ಹೆಸರು ಕೊಟ್ಟಿದ್ದಾಳಲ್ಲ ಅಂದುಕೊಂಡೆ! ಗಂಡನ ನಂಬರು ನನಗೆ ಬಾಯಿಗೆ ಬರುತ್ತಿರಲಿಲ್ಲ. ನನ್ನ ಫೋನು ತೆಗೆದು ತಾಳೆ ನೋಡುವಷ್ಟು ಬುದ್ಧಿಯೂ ಆ ಹೊತ್ತಿಗೆ ಉಳಿದಿರಲಿಲ್ಲ.

ಅರಕಲಗೂಡಿನ ಆಸ್ಪತ್ರೆಯಲ್ಲಿ ನನ್ನನ್ನು ಎಲ್ಲರೂ ಬಲ್ಲರು. ಹಾಗಾಗಿ ನನ್ನ ಬಿ.ಪಿ. ತೋರಿಸಬೇಕೆಂದು ಸುಳ್ಳು ಹೇಳಿ ಅವಳನ್ನು ಹೊಳೆನರಸೀಪುರಕ್ಕೆ ಬಸ್ಸು ಹತ್ತಿಸಿದೆ. ಅಲ್ಲಿನ ಲೇಡಿ ಡಾಕ್ಟರಿಗೆ ನಾನೇ ಒಳಗೆ ಹೋಗಿ ಪಿಸುಗುಟ್ಟಿದೆ. ನರ್ಸು ಬಂದು ಮಗಳ ಕೈಗೆ ಮೂತ್ರದ ಪರೀಕ್ಷೆಯ ಡಬ್ಬಿ ಕೊಟ್ಟಾಗ ಅವಳಿಗೆ ಎಲ್ಲ ಅರ್ಥವಾಯಿತು. ನನ್ನ ಮುಖವನ್ನೇ ನೋಡಿದಳು. ನಾನು ಗೋಡೆ ನೋಡಿದೆ.

"ಏನೂ ಇಲ್ಲಮ್ಮ" ಎಂದರು ಡಾಕ್ಟರು. ಡಬ್ಬಿ ಅದಲುಬದಲಾಗಿರಬಹುದೇ ಎಂಬ ಅನುಮಾನ ನನಗೆ! ಅದನ್ನು ಬಾಯಿಬಿಟ್ಟು ಕೇಳಿಯೂ ಬಿಟ್ಟೆ. ಡಾಕ್ಟರು ಮಗಳ ಅಂಗೈ ತಿರುಗಿಸಿ ನೋಡಿದರು. ಬೆರಳ ಸಂದಿಯಲ್ಲಿ ಸೋಪಿಗೂ ಹೋಗದ ಕಪ್ಪು ಅಂಟು.

"ಹೊಗೆಸೊಪ್ಪು ಮುರೀತೀಯಾ?"

ಅವಳು ಹೌದೆಂದು ತಲೆಯಾಡಿಸಿದಳು.

"ಇಬ್ಬನಿಯಲ್ಲಿ ನೆನೆದ ಸೊಪ್ಪಿನ ನಂಜು ಚರ್ಮದಿಂದಲೇ ಮೈಗೆ ಇಳಿಯುತ್ತೆ. ವಾಂತಿ, ತಲೆಸುತ್ತು ಎಲ್ಲ ಅದರದ್ದೇ. ನೀವು ಸೊಪ್ಪು ಬೆಳೆಯೋರಲ್ವೇನ್ರಿ, ನಿಮಗೆ ಗೊತ್ತಾಗಲಿಲ್ವಾ?"

ಗೊತ್ತಿರದೆ ಏನು! ಮದುವೆಯಾದ ವರ್ಷ ನಾನೂ ಮೊದಲ ಸಲ ಸೊಪ್ಪು ಮುರಿದು ಮೂರು ದಿನ ಹಾಸಿಗೆ ಹಿಡಿದಿದ್ದೆ. ಆಗ ನಮ್ಮತ್ತೆ ಸೊಪ್ಪಿನ ಅಮಲೆಂದು ನಕ್ಕು ಮಜ್ಜಿಗೆ ಕುಡಿಸಿದ್ದರು. ಓದುಬರಹ ಬಾರದ ಅತ್ತೆಗೆ ಹೊಳೆದದ್ದು, ದಿನಕ್ಕೆ ಹತ್ತು ಮನೆಯ ಆರೋಗ್ಯ ಬರೆದುಕೊಳ್ಳುವ ನನಗೆ ಹೊಳೆಯಲಿಲ್ಲ.

ಬಸ್ ಸ್ಟ್ಯಾಂಡಿನ ಬೆಂಚಿನ ಮೇಲೆ ಕೂತಮೇಲೆ ಅವಳು ಹೇಳಿದಳು. "ಆಳು ಸಿಕ್ನಿಲ್ಲ ಕಣವ್ವ. ನಿಂಗೇಳುದ್ರೆ ನೀನೇ ಸೊಪ್ಪಿನ್ ಸಾಲಿಗಿಳೀತೀಯ, ಇನ್ನೊಂದ್ಸಲ ಬಿದ್ರೆ ಏನ್ ಗತಿ ಅಂತ ಅಪ್ಪ ಬ್ಯಾಡ ಅಂತು. ನಿನ್ ಪಾಲಿನ್ ಸಾಲು ನಾನ್ ಮುರೀತಿದ್ದೆ."

ನನಗೆ ನಾಚಿಕೆಯಾಯಿತು. ಗಂಡನ ಮೇಲೆ ಕೋಪ ಬಂತು, ಕೆಲಸದ ಮೇಲೆ ಬಂತು, ಎಲ್ಲಕ್ಕಿಂತ ನನ್ನ ಮೇಲೇ ಬಂತು. ಅವಳ ಕೈ ಹಿಡಿದುಕೊಂಡೆ.

"ತಪ್ಪಾಯ್ತು ಕಣೇ. ಇನ್ಮೇಲೆ ಏನಿದ್ರೂ ನನ್ನತ್ರ ಏಳು."

ಅವಳು ಕೈ ಬಿಡಿಸಿಕೊಳ್ಳಲಿಲ್ಲ. ಸಿಟ್ಟೂ ಮಾಡಲಿಲ್ಲ. ಬಸ್ಸಿನ ದಾರಿ ನೋಡುತ್ತಲೇ ಮೆಲ್ಲಗೆ ಅಂದಳು.

"ನೀನ್ ಅನ್ಕಂಡಂಗೇ ಆಗಿದ್ರೂವೆ, ನಿನ್ನತ್ರ ಮಾತ್ರ ಏಳ್ತಿರ್ನಿಲ್ಲ ಕಣವ್ವ."

ಬಸ್ಸು ಬಂತು. ಅವಳು ಮೊದಲು ಹತ್ತಿ ನನಗೂ ಒಂದು ಸೀಟು ಹಿಡಿದಳು.