ಆ ಅಳತೆ ನನ್ನದಲ್ಲ

"ಅಮ್ಮಾ, ಟೈಲರ್ ಅಕ್ಕ ಅವರಪ್ಪಂಗೆ ಹೇಳೋದನ್ನೆಲ್ಲ ನನ್ನ ಹತ್ರ ಯಾಕೆ ಹೇಳ್ತಾರೆ? ತಾತ ಅಲ್ಲೇ ಕೂತಿರ್ತಾರಲ್ಲ, ಅವರಿಗೆ ಕಿವಿ ಕೇಳಲ್ವಾ?"

ಆರು ವರ್ಷದ ಚಿನಕುರಳಿಯ ಪ್ರಶ್ನೆಗೆ ಅವಳ ಅಮ್ಮ ನಕ್ಕಳು. ಕೇಳದೆ ಏನು! ಎದುರು ಬದಿಯ ಆ ಹೊಲಿಗೆ ಅಂಗಡಿಯಲ್ಲಿ ಸೂಜಿ ಬಿದ್ದರೂ ಇಬ್ಬರಿಗೂ ಕೇಳುತ್ತದೆ. ಬಾಗಿಲ ಎಡಕ್ಕೆ ಅಪ್ಪನ ಮಿಷನ್ನು, ಗಂಡಸರ ಬಟ್ಟೆ. ಬಲಕ್ಕೆ ಮಗಳದು, ಹೆಂಗಸರ ಬಟ್ಟೆ. ನಡುವೆ ಬಟ್ಟೆ ಕತ್ತರಿಸುವ ಮೇಜು. ಕತ್ತರಿ ಇಬ್ಬರಿಗೂ ಒಂದೇ.

ಎರಡು ವರ್ಷದ ಹಿಂದೆ ಈ ಟೈಲರಮ್ಮ, "ಅಪ್ಪಾ, ನಾನು ನಿಮ್ಮ ಮಗ ಅಲ್ಲ, ಮಗಳು" ಎಂದು ಹೇಳಿ, ಮರುದಿನದಿಂದ ಹಾಗೆಯೇ ಬದುಕತೊಡಗಿದಳು. ಅಪ್ಪ ಬೈಯಲಿಲ್ಲ, ಮನೆಯಿಂದ ಅಟ್ಟಲಿಲ್ಲ. ಬಾಯಿಗೆ ಬೀಗ ಹಾಕಿಕೊಂಡರು. ಕತ್ತರಿ ಬೇಕೆಂದರೂ ಇಬ್ಬರೂ ಬಂದ ಗಿರಾಕಿಯ ಮೂಲಕವೇ ಕೇಳುವುದು. ಗಿರಾಕಿ ಇಲ್ಲದಾಗ ಚಿನಕುರಳಿಯೇ ಗತಿ.

ನಿನ್ನೆ ಸಂಜೆ ಟೈಲರಮ್ಮನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಹೊಲಿಗೆ ಶಾಲೆಯಲ್ಲಿ ಕಲಿಸುವ ಕೆಲಸ ಸಿಕ್ಕಿತ್ತು! ಸೋಮವಾರ ಮೊದಲ ಪಾಠ. ಅದಕ್ಕೊಂದು ನೀಲಿ ಕೋಟು ಬೇಕು, ಬಟ್ಟೆ ಸಿದ್ಧವಿದೆ. ಆದರೆ ಎಂಥ ಗಟ್ಟಿ ಕೆಲಸಗಾರರಿಗೂ ತಮ್ಮ ಬೆನ್ನಿನ ಅಳತೆ ತಾವೇ ತೆಗೆಯಲು ಆಗುವುದಿಲ್ಲ.

"ಮರೀ, ತಾತನ್ನ ಕೇಳು. ನನ್ನ ಅಳತೆ ತಗೀತಾರಾ?" ಎಂದಳು ಅಂಗಡಿಯಲ್ಲಿ ಆಡುತ್ತಿದ್ದ ಚಿನಕುರಳಿಗೆ.

ತಾತ ಕನ್ನಡಕದ ಮೇಲಿಂದ ಮಗುವನ್ನೇ ನೋಡಿದರು. "ಅಳತೆ ಪುಸ್ತಕದಲ್ಲಿದೆ ಅಂತ ಹೇಳು."

"ಅದು ಅವರ ಮಗನ ಶರ್ಟಿಂದು. ಆ ಅಳತೆ ನನ್ನದಲ್ಲ ಅಂತ ಹೇಳು."

"ತಾತಾ, ಅದು ಅಕ್ಕಂದಲ್ವಂತೆ!"

ತಾತನ ಮಿಷನ್ನು ಇನ್ನೊಂದು ಗೇಣು ಓಡಿ ನಿಂತಿತು. ಹೇಳಬಾರದಿತ್ತೇನೋ ಎನಿಸಿತು ಟೈಲರಮ್ಮನಿಗೆ. ಅಷ್ಟರಲ್ಲಿ ಅಪ್ಪ ಕೊರಳಿನ ಟೇಪು ಎಳೆದುಕೊಂಡು, ಮೇಜು ಸುತ್ತಿ, ಎರಡು ವರ್ಷದಲ್ಲಿ ಮೊದಲ ಬಾರಿ ಬಲಗಡೆಗೆ ಬಂದರು.

"ನೆಟ್ಟಗೆ ನಿಲ್ಲೋಕೆ ಹೇಳು ಮರೀ. ಗೂನು ಬೆನ್ನಿಗೆ ಹೊಲಿಯೋಕೆ ನಾನೇನು ಒಂಟೆ ಟೈಲರಾ?"

"ಅಕ್ಕಾ, ನೀನು ಒಂಟೆಯಂತೆ!"

ಅವಳಿಗೆ ನಗು ಉಕ್ಕಿತು. ಹೆಗಲು ಕುಲುಕಿ ಟೇಪು ಜಾರಿತು.

"ನಗಬೇಡ ಅಂತ ಹೇಳು!"

"ಅವರು ನಗಿಸೋದು ಬೇಡ ಅಂತ ಹೇಳು!"

ಅಪ್ಪ ಕಿವಿಯ ಪೆನ್ಸಿಲ್ ತೆಗೆದು, ಪುಸ್ತಕದಲ್ಲಿ ಹೊಸ ಹಾಳೆ ತಿರುವಿ, ಹೆಗಲು ಬರೆದರು, ಬೆನ್ನು ಬರೆದರು, ತೋಳು ಬರೆದರು. ಎದೆಯ ಅಳತೆಗೆ ಬಂದಾಗ ಕೈ ತಡೆದು ನಿಂತಿತು. ನಲವತ್ತು ವರ್ಷ ಗಂಡಸರಿಗೇ ಹೊಲಿದವರು.

"ಹೆಂಗಸರ ಕೋಟಿಗೆ ಮುಂದಿನ ಅಳತೆ ಹೇಗೆ ತಗೀಬೇಕು, ಕೇಳು ಮರೀ," ಎಂದರು ಮೆಲ್ಲಗೆ. "ನಂಗೆ ಗೊತ್ತಿಲ್ಲ."

ಗುಂಡಿಯ ಕಾಜಾ ಹೊಲಿಯುವುದರಿಂದ ಹಿಡಿದು ಎಲ್ಲವನ್ನೂ ತನಗೆ ಕಲಿಸಿದವರು! ಅವಳು ಟೇಪಿನ ತುದಿ ಹಿಡಿದು ಒಂದೊಂದಾಗಿ ತೋರಿಸಿದಳು. ಅವರು ಒಳ್ಳೆಯ ವಿದ್ಯಾರ್ಥಿಯ ಹಾಗೆ ತಲೆಯಾಡಿಸುತ್ತ ಬರೆದುಕೊಂಡರು. "ನಾಳೆ ಹತ್ತು ಗಂಟೆಗೆ ಟ್ರಯಲ್ಲು ಅಂತ ಹೇಳು," ಎಂದು ಆಗಲೇ ನೀಲಿ ಬಟ್ಟೆ ಹಾಸತೊಡಗಿದರು.

ಮಗುವನ್ನು ಕರೆದೊಯ್ಯಲು ಅಮ್ಮ ಬಂದಾಗ ಟೈಲರಮ್ಮ ಬರಿಗಾಲಲ್ಲೇ ಬೀದಿಗೆ ಓಡಿಬಂದು ಅವಳ ಎರಡೂ ಕೈ ಹಿಡಿದುಕೊಂಡಳು.

"ಅಕ್ಕಾ, ಒಂದು ಉಪಕಾರ ಮಾಡ್ತೀರಾ? ನಾಳೆ ಟ್ರಯಲ್ ಹೊತ್ತಿಗೆ ಇವಳನ್ನ ಮನೇಲೇ ಇಟ್ಕೊಳ್ಳಿ. ಗಿರಾಕಿ ಯಾರಾದ್ರೂ ಬಂದ್ರೆ ಅದೂ ಇದೂ ಮಾತಾಡಿ ಹತ್ತು ನಿಮಿಷ ಬೀದೀಲೇ ನಿಲ್ಲಿಸ್ಕೊಳ್ಳಿ. ಅಂಗಡೀಲಿ ನಾವಿಬ್ರೇ ಇರ್ಬೇಕು."