ಗಾಡಿ ತಣ್ಣಗೆ ಮಾಡಲು ಹೋದ ಮದುವೆ ಗಂಡು

ನಿಂತರೆ ಜ್ವರ ಬರುವ, ಓಡಿದರೆ ವಾಸಿಯಾಗುವ ಬೈಕೊಂದನ್ನು ನಾನು ನಲವತ್ತಾರನೇ ವಯಸ್ಸಿನಲ್ಲಿ ಕೊಂಡೆ. ಹೊಳೆನರಸೀಪುರದ ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಹೇಳುವವನಿಗೆ ರೇಸಿಗೆಂದೇ ಹುಟ್ಟಿದ ನಾಲ್ಕು ಸಿಲಿಂಡರಿನ ಗಾಡಿ ಯಾಕೆ ಎಂದು ಯಾರಾದರೂ ಕೇಳಿದರೆ ನನಗೆ ಸಿಟ್ಟು ಬರುತ್ತದೆ. ಉತ್ತರ ಗೊತ್ತಿಲ್ಲದ ಪ್ರಶ್ನೆಗಳಿಗೆಲ್ಲ ನನಗೆ ಸಿಟ್ಟೇ ಬರುವುದು. ಹಾಸನದ ಪರಿಚಯಸ್ಥರೊಬ್ಬರು ಮಾರುತ್ತಿದ್ದರು, ನಾನು ನೋಡಲು ಹೋದೆ, ಹತ್ತಿಕೊಂಡು ಬಂದೆ. ಬೇಲೀಲಿ ಹೋಗೋ ಓತಿಕ್ಯಾತನ್ನ ಕಿವೀಲಿ ಬಿಟ್ಕೊಂಡ್ರಿ ಎಂದು ನನ್ನ ಹೆಂಡತಿ ಅವತ್ತೇ ಹೇಳಿದಳು.

ಅದರ ಎಂಜಿನ್ನಿನ ಮುಂದೆ ರೇಡಿಯೇಟರ್ ಎಂಬ ಜಾಲರಿ ಇದೆ. ಅದಕ್ಕೆ ಎದುರುಗಾಳಿ ಬಡಿಯುತ್ತಿದ್ದರೆ ಒಳಗಿನ ನೀರು ತಣ್ಣಗಿರುತ್ತದೆ. ಅರಕಲಗೂಡು ರಸ್ತೆಯಲ್ಲಿ ಬೆಳಗಿನ ಆರು ಗಂಟೆಗೆ ಬಿಟ್ಟರೆ ಅದರಂಥ ಸಾಧುಪ್ರಾಣಿ ಇನ್ನೊಂದಿಲ್ಲ. ಅದೇ ಗಾಡಿಯನ್ನು ಏಪ್ರಿಲ್ ಮಧ್ಯಾಹ್ನ ಸಂತೆಯಲ್ಲಿ ಒಂದು ಹಸುವಿನ ಹಿಂದೆ ಐದು ನಿಮಿಷ ನಡೆಸಿ ನೋಡಿ. ಮೀಟರಿನಲ್ಲಿ ನೂರು, ನೂರೈದು ಎಂದು ಅಂಕಿ ಏರುತ್ತದೆ, ಒಳಗೆ ಫ್ಯಾನು ಭೋರ್ಗರೆಯುತ್ತದೆ, ಕೂತವನ ತೊಡೆ ಬೇಯುತ್ತದೆ. ಅದಕ್ಕೇ ಬೇಸಿಗೆಯಲ್ಲಿ ಬಿಸಿಲೇರಿದ ಮೇಲೆ ನಾನು ಹೆಂಡತಿಯ ಸ್ಕೂಟರನ್ನೇ ಓಡಿಸುವುದು.

ನಮ್ಮಕ್ಕನನ್ನು ಚನ್ನರಾಯಪಟ್ಟಣಕ್ಕೆ ಕೊಟ್ಟಿದೆ. ಭಾವನದು ತೆಂಗಿನಕಾಯಿ ವ್ಯಾಪಾರ. ಅವರಿಗೆ ಒಬ್ಬಳೇ ಮಗಳು. ಮೂರು ವರ್ಷದ ಹಿಂದೆ ಅವಳ ನಿಶ್ಚಿತಾರ್ಥದ ದಿನ, ಹೋಳಿಗೆ ಬೆಂದು ಎಲೆ ಹಾಕುವ ಹೊತ್ತಿಗೆ, ಮದುವೆಯಾಗಬೇಕಿದ್ದ ಹುಡುಗ ಬೈಕಿಗೆ ಪೆಟ್ರೋಲ್ ಹಾಕಿಸಬೇಕೆಂದು ಎದ್ದ. ಬಂದೆ ಇರಿ ಮಾವ ಎಂದು ಭಾವನಿಗೇ ಹೇಳಿ ಹೋದವನು ಬರಲೇ ಇಲ್ಲ. ಫೋನು ಆಫ್. ಅವನಿಗೆ ಬೇರೊಬ್ಬಳು ಇದ್ದಳೆಂದು ವಾರದ ಮೇಲೆ ಗೊತ್ತಾಯಿತು. ಅಂದಿನಿಂದ ಭಾವನಿಗೆ ‘ಬಂದೆ ಇರಿ’ ಎಂಬ ಮಾತು ಆಗುವುದಿಲ್ಲ. ಮನೆಯಲ್ಲಿ ಯಾರೇ ಹಾಗೆಂದು ಹೊರಟರೂ ಗೇಟಿನ ತನಕ ಹೋಗಿ, ಅವರು ವಾಪಸು ಬರುವವರೆಗೂ ಅಲ್ಲೇ ನಿಲ್ಲುತ್ತಾರೆ. ಚಿಲ್ಲರೆ ತರಲು ಹೋದ ಗ್ಯಾಸ್ ಸಿಲಿಂಡರಿನವನಿಗೂ ಹಾಗೆ ಕಾದಿದ್ದಾರೆ.

ಹೋದ ವರ್ಷ ಕೊರವಂಗಲದ ಕಡೆಯ ಒಳ್ಳೆಯ ಸಂಬಂಧ ಬಂತು. ಹುಡುಗನಿಗೆ ಹಾಸನದಲ್ಲಿ ಪಂಪ್‌ಸೆಟ್ ಮೋಟಾರುಗಳಿಗೆ ತಂತಿ ಸುತ್ತುವ ಅಂಗಡಿ. ಹೆಣ್ಣು ನೋಡಲು ಬಂದ ದಿನ ಅವನು ಹುಡುಗಿಗಿಂತ ಹೆಚ್ಚು ಹೊತ್ತು ನನ್ನ ಬೈಕನ್ನೇ ನೋಡಿದ ಎಂಬುದು ನನ್ನ ಗುಮಾನಿ. ಮದುವೆ ಗೊತ್ತಾದ ಮೇಲೆ ನಾಚಿಕೊಂಡು ಒಂದೇ ಒಂದು ಆಸೆ ಹೇಳಿಕೊಂಡ. ದಿಬ್ಬಣದಲ್ಲಿ ಕಾರು ಬೇಡ, ಆ ಬೈಕಿನಲ್ಲಿ ಬರಬೇಕು. ಆಗಲ್ಲ ಎನ್ನಬೇಕಿತ್ತು. ಸೋದರಮಾವನ ಜಂಬ, ಆಗಲಿ ಎಂದೆ.

ವರಪೂಜೆ ಚನ್ನರಾಯಪಟ್ಟಣದಲ್ಲೇ, ಮೇ ತಿಂಗಳ ಒಂದು ಭಾನುವಾರ. ನಾಲ್ಕೂವರೆಗೆ ರಾಹುಕಾಲ, ಅಷ್ಟರೊಳಗೆ ಗಂಡು ಛತ್ರದ ಹೊಸಿಲು ದಾಟಬೇಕು. ಬೈಪಾಸಿನ ಪಕ್ಕದ ಗುಡಿಯಿಂದ ಪೇಟೆಯೊಳಗಿನ ಛತ್ರಕ್ಕೆ ಮುಕ್ಕಾಲು ಕಿಲೋಮೀಟರು. ಮೂರು ಗಂಟೆಗೆ ಹೊರಟೆವು. ಮುಂದೆ ವಾಲಗ, ಅದರ ಹಿಂದೆ ಕುಣಿಯುವ ಗೆಳೆಯರು, ಆಮೇಲೆ ಸೂಟು ಹಾಕಿ ಮೈಸೂರು ಪೇಟ ಇಟ್ಟ ಗಂಡು ಬೈಕಿನ ಮೇಲೆ, ಪಕ್ಕದಲ್ಲಿ ಮೀಟರಿನ ಮೇಲೆ ಕಣ್ಣಿಟ್ಟು ನಡೆಯುವ ನಾನು. ಹತ್ತು ಹೆಜ್ಜೆಗೊಮ್ಮೆ ಕುಣಿತ, ಮನೆಗೊಂದು ಆರತಿ. ಎರಡನೇ ಆರತಿಗೇ ಮೀಟರು ನೂರೇಳು ಡಿಗ್ರಿ ತೋರಿಸಿತು. ಸ್ವಲ್ಪ ಬೇಗ ನಡೆಯಿರಿ ಎಂದು ವಾಲಗದ ಹಿರಿಯರನ್ನು ಬೇಡಿಕೊಂಡೆ. ಅವರು ಪೀಪಿಯನ್ನು ಬಾಯಿಂದ ತೆಗೆದು, "ಊದೋ ಉಸ್ರಿಗೆ ತಕ್ಕ ನಡಿಗೆ ಸಾ, ನಾವೇನ್ ಬಸ್ಸಾ?" ಎಂದು ಮತ್ತೆ ಊದತೊಡಗಿದರು.

ಎಂಜಿನ್ ಆರಿಸಿ ತಳ್ಳೋಣವೆಂದರೆ ಗಂಡಿನ ಸೋದರತ್ತೆ ಅಡ್ಡ ಬಂದರು. ಗುಡಿಯಿಂದ ಹೊರಟ ಗಾಡಿ ನಡುದಾರಿಯಲ್ಲಿ ಆರಬಾರದಂತೆ, ದೀಪ ಆರಿದ ಹಾಗಂತೆ. ಆ ಶಾಸ್ತ್ರ ಹುಟ್ಟಿ ಎರಡು ನಿಮಿಷವೂ ಆಗಿರಲಿಲ್ಲ, ಆದರೂ ಎಲ್ಲರೂ ತಲೆಯಾಡಿಸಿದರು. ಯಾರೋ ಎಂಜಿನ್ನಿಗೆ ಉಷ್ಣವಾಗಿದೆ ಎಂದು ಎಳನೀರು ಕೆತ್ತಿಸಿ ತಂದರು. ಇನ್ಯಾರೋ ಹರಳೆಣ್ಣೆ ತಂದು, ಎಲ್ಲಿಗೆ ಹಚ್ಚಬೇಕೆಂದು ಕೆಮಿಸ್ಟ್ರಿ ಮೇಷ್ಟ್ರಾದ ನನ್ನನ್ನೇ ಕೇಳಿದರು. ಕಾದ ಲೋಹಕ್ಕೆ ತಣ್ಣೀರು ಬಿದ್ದರೆ ಬಿರುಕು ಬಿಡುತ್ತದೆಂದು ಪಾಠ ಮಾಡುತ್ತಿರುವಾಗಲೇ ಎಳನೀರು ಸೈಲೆನ್ಸರಿನ ಮೇಲೆ ಬಿತ್ತು. ಬೀದಿಯೆಲ್ಲ ಪಾಯಸ ತಳ ಹತ್ತಿದ ವಾಸನೆ.

ಉಳಿದದ್ದು ಒಂದೇ ದಾರಿ. ಗಂಡಿನ ಪೇಟ ತೆಗೆದು ನಾನು ಹಿಡಿದುಕೊಂಡೆ, ನನ್ನ ಹೆಲ್ಮೆಟ್ಟು ಅವನ ತಲೆಗೆ ಹಾಕಿದೆ. ಬೈಪಾಸಿಗೆ ಹೋಗಿ ಎಂಬತ್ತರಲ್ಲಿ ಎರಡು ಕಿಲೋಮೀಟರು ಓಡಿಸಿ, ಗಾಳಿ ಕುಡಿಸಿಕೊಂಡು ಬನ್ನಿ ಎಂದೆ. ಅವನು ಹೋದ. ವಾಲಗ ನಿಲ್ಲಲಿಲ್ಲ, ಕುಣಿಯುವವರಿಗೆ ಗಂಡು ಹೋದದ್ದು ಗೊತ್ತೇ ಆಗಲಿಲ್ಲ. ಮುಂದಿನ ಮನೆಯ ಹೆಂಗಸರು ಆರತಿ ತಟ್ಟೆ ಹಿಡಿದು ಅತ್ತಿತ್ತ ನೋಡಿ, ಕೊನೆಗೆ ನನ್ನ ಕೈಯಲ್ಲಿದ್ದ ಪೇಟಕ್ಕೇ ಆರತಿ ಎತ್ತಿ ತೆಂಗಿನಕಾಯಿ ಒಡೆದರು. ಆರು ನಿಮಿಷದಲ್ಲಿ ಗಂಡು ವಾಪಸಾದ. ಎಂಜಿನ್ ಎಂಬತ್ತೈದು ಡಿಗ್ರಿ, ಮುಖದಲ್ಲಿ ಕಾಯಿ ಕದ್ದವನ ಸಂತೋಷ.

ಎರಡನೇ ಸಲ ಅವನು ಹೊರಟಾಗ, ಛತ್ರದ ಬಾಗಿಲಲ್ಲಿ ಕಾಯುತ್ತಿದ್ದ ಭಾವ ಶಬ್ದ ಕೇಳಿ ಪಂಚೆ ಎತ್ತಿ ಕಟ್ಟಿಕೊಂಡು ಓಡಿ ಬಂದರು. ಅವರಿಗೆ ಕಂಡದ್ದು ಅಳಿಯನ ಬೆನ್ನು ಮಾತ್ರ. ರೇಡಿಯೇಟರಿನ ವಿಚಾರ ಎಷ್ಟು ಬಿಡಿಸಿ ಹೇಳಿದರೂ ಅವರ ಕಿವಿಗೆ ಬೀಳಲಿಲ್ಲ. ಅವನು ಬಂದ ಮೇಲೆಯೇ ಅವರು ಉಸಿರು ಬಿಟ್ಟದ್ದು. ಬಿಸಿ ಹಾಲಿನಲ್ಲಿ ಬಾಯಿ ಸುಟ್ಟುಕೊಂಡವರು ಮಜ್ಜಿಗೆಯನ್ನೂ ಊದಿ ಕುಡಿಯುತ್ತಾರಲ್ಲ, ನಾನು ಅವರ ಮುಂದೆ ಕುದಿಯುವ ಹಂಡೆಯನ್ನೇ ಇಟ್ಟಿದ್ದೆ.

ಮೂರನೇ ಸಲ ನೂರಹನ್ನೆರಡು ತೋರಿಸಿದಾಗ ಭಾವ ಮುಂದಿನ ಚಕ್ರಕ್ಕೆ ಅಡ್ಡ ನಿಂತರು. ಈಗ ಓಡಿಸದಿದ್ದರೆ ಒಳಗಿನ ನೀರು ಉಕ್ಕಿ ಗಂಡಿನ ಕಾಲು ಬೇಯುತ್ತದೆಂದು ಹೆದರಿಸಿ ಪಕ್ಕಕ್ಕೆ ಸರಿಸಿದೆ. ಹೆಲ್ಮೆಟ್ಟಿನೊಳಗಿಂದ ಆ ಹುಡುಗ, ಪಾಪ, ಸಮಾಧಾನ ಮಾಡಲೆಂದೇ, "ಬಂದೆ ಇರಿ ಮಾವ" ಎಂದ. ಭಾವನ ಮುಖದ ರಕ್ತವೆಲ್ಲ ಇಳಿದುಹೋಯಿತು.

ಆರು ನಿಮಿಷವಾಯಿತು, ಹತ್ತಾಯಿತು. ವಾಲಗ ಮುಂದೆ ಹೋಗುತ್ತಲೇ ಇತ್ತು. ಫೋನ್ ಮಾಡಿದರೆ ಗಂಡಿನ ತಂಗಿಯ ಬ್ಯಾಗಿನಲ್ಲಿ ಅದು ರಿಂಗಾಯಿತು. ಭಾವ ಎಳನೀರಿನವನ ಬೆಂಚಿನ ಮೇಲೆ ಕೂತುಬಿಟ್ಟರು. ಬೈದಿದ್ದರೆ ನಾನೂ ತಿರುಗಿ ಬೈದು ಹಗುರಾಗುತ್ತಿದ್ದೆ. ಅವರು ತೀರಾ ಮೆಲ್ಲಗೆ, "ಒಂದ್ಸತಿ ಎಲೆ ಎತ್ಸಿದ್ದೀನಿ ಕಣಪ್ಪ. ಇನ್ನೊಂದ್ಸತಿ ಎತ್ಸಕ್ಕೆ ನನ್ ಕೈಲಾಗಲ್ಲ," ಎಂದರು.

ಅಷ್ಟರಲ್ಲಿ ಅಕ್ಕನ ಮಗಳ ಫೋನು ಬಂತು. ಛತ್ರದ ಕೋಣೆಯಲ್ಲಿ ಸೀರೆಯುಟ್ಟು ಕೂತಿದ್ದಾಳೆ. "ಮಾವ, ಗಾಡಿ ಸೌಂಡು ಕೇಳಿಸ್ತಾನೇ ಇಲ್ವಲ್ಲ," ಎಂದಳು. ಅವಳು ಅಷ್ಟೂ ಹೊತ್ತು, ಹತ್ತಿರ ಬರುವುದನ್ನೂ ದೂರ ಹೋಗುವುದನ್ನೂ, ಕಿವಿಗೊಟ್ಟು ಕೇಳುತ್ತಲೇ ಇದ್ದಳು. ಬತ್ತಾವ್ನೆ ಕಣವ್ವ ಎಂದು ಸುಳ್ಳು ಹೇಳಿದೆ. ಕೈಯಲ್ಲಿದ್ದ ಪೇಟವನ್ನು ಬೆನ್ನ ಹಿಂದೆ ಮರೆಮಾಡಿದೆ. ಆ ಗಾಡಿಯನ್ನು ಕೊಂಡ ದಿನವನ್ನು ಶಪಿಸಿದೆ. ನಾನು ದೇವರನ್ನು ಕರೆಯುವವನಲ್ಲ, ಅವತ್ತು ಕರೆದೆ.

ನಾಲ್ಕೂಕಾಲಿಗೆ ಶಬ್ದ ಬಂತು. ಮೊದಲೆರಡು ಸಲ ತಿರುಗಿಸಿದ ಡಿವೈಡರಿನ ಸಂದಿಯಲ್ಲಿ ಕಾಯಿ ತುಂಬಿದ ಲಾರಿಯೊಂದು ಅಡ್ಡ ಸಿಕ್ಕಿಕೊಂಡಿತ್ತಂತೆ. ಮುಂದಿನ ತಿರುವು ಹುಡುಕಿಕೊಂಡು ಎಷ್ಟೋ ದೂರ ಹೋಗಬೇಕಾಯಿತಂತೆ. ಇದನ್ನೆಲ್ಲ ಹೇಳಿ ಆ ಪುಣ್ಯಾತ್ಮ, ಎಂಬತ್ತೆರಡಕ್ಕೆ ಇಳಿದಿದೆ ನೋಡಿ ಸಾ ಎಂದು ಹೆಮ್ಮೆಯಿಂದ ಮೀಟರು ತೋರಿಸಿದ. ನನಗೆ ಅವನನ್ನು ಹೊಡೆಯಬೇಕೋ ಅಪ್ಪಿಕೊಳ್ಳಬೇಕೋ ತಿಳಿಯಲಿಲ್ಲ.

ಭಾವ ಎದ್ದು ಬಂದರು. ಆ ಬೈಕಿನ ಹಿಂದಿನ ಸೀಟು ಅಂಗೈಯಗಲ, ಎದೆಯೆತ್ತರ. ಅರವತ್ತು ದಾಟಿದ ಮನುಷ್ಯ ಬೆಂಚಿನ ಮೇಲೆ ಕಾಲಿಟ್ಟು ಅದನ್ನು ಹತ್ತಿ, ಪಂಚೆ ಒತ್ತಿಕೊಂಡು, ಅಳಿಯನ ಸೊಂಟದ ಎರಡೂ ಕಡೆ ಕೋಟನ್ನು ಮುಷ್ಟಿಯಲ್ಲಿ ಹಿಡಿದರು. "ನಡೀರಿ. ಇನ್ನೆಲ್ಲೂ ನಿಲ್ಲಿಸ್ಬ್ಯಾಡಿ," ಎಂದರು. ಬೈಕು ಹಿಂದಿನ ಬೀದಿ ಹಿಡಿದು, ಕುಣಿಯುವವರನ್ನೂ ವಾಲಗವನ್ನೂ ಬಿಟ್ಟು ಮಾಯವಾಯಿತು. ಎಂಜಿನ್ನಿಗೆ ಬಿಸಿಯಾಗಲು ಪುರುಸೊತ್ತೇ ಸಿಗಲಿಲ್ಲ.

ನಾನು ಪೇಟ ಹಿಡಿದು ಓಡಿ, ಏದುಸಿರು ಬಿಡುತ್ತ ಛತ್ರ ಮುಟ್ಟಿದೆ. ರಾಹುಕಾಲಕ್ಕೆ ಇನ್ನೂ ಐದು ನಿಮಿಷ ಇತ್ತು. ಗಂಡು ಹೆಲ್ಮೆಟ್ಟಿನಲ್ಲೇ ಹೊಸಿಲು ದಾಟಿ ನಿಂತಿದ್ದ. ಅವನ ಬೆನ್ನಿಗೆ ಭಾವ. ಗಾಡಿಯಿಂದ ಇಳಿದು, ಮೆಟ್ಟಿಲು ಹತ್ತಿ, ಕಾಲು ತೊಳೆಯುವ ಶಾಸ್ತ್ರವೂ ಮುಗಿದಿತ್ತು, ಭಾವ ಮಾತ್ರ ಆ ಕೋಟನ್ನು ಬಿಟ್ಟಿರಲಿಲ್ಲ. ಯಾರು ಏನು ಹೇಳಿದರೂ ಅವರಿಗೆ ಕೇಳಿಸುತ್ತಿರಲಿಲ್ಲ. ಅಕ್ಕ ಬಂದು, ಜನರ ಮುಂದೆಯೇ, ಅವರ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ಕೊನೆಯ ಬೆರಳು ಬಿಟ್ಟಾಗ ಭಾವ ಅವಳ ಮುಖ ನೋಡಿ, "ಬಂದ ಕಣೇ," ಎಂದರು.